ರೆಸ್ಟೋರೆಂಟ್ ಚೈನ್‌ಗಳ ‘ನೆಟ್ ಝೀರೋ’ ಮಾತು: ನಿಜವೆಷ್ಟು, ತಿಳಿಯುವುದು ಹೇಗೆ?

‘2050ಕ್ಕೆ ನೆಟ್ ಝೀರೋ’ ಎಂದು ಘೋಷಿಸುವ ರೆಸ್ಟೋರೆಂಟ್ ಚೈನ್‌ಗಳು ಈಗ ಜಾಸ್ತಿ. ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ಆದಷ್ಟು ಇಳಿಸಿ, ಉಳಿದಷ್ಟನ್ನು ಗಾಳಿಯಿಂದ ಹಿಂತೆಗೆದು ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಎಂಬ ಮಾತು. ಆ ಮಾತಿನಲ್ಲಿ ಹುರುಳಿದೆಯೇ ಎಂದು ನೋಡಲು ತಜ್ಞರೇ ಬೇಕಿಲ್ಲ. ಕಂಪನಿಯ ಸುಸ್ಥಿರತೆ ವರದಿ ಡೌನ್‌ಲೋಡ್ ಮಾಡಿಕೊಳ್ಳಿ. ಚೆಂದದ ಫೋಟೊಗಳನ್ನು ದಾಟಿ ನೇರವಾಗಿ ಅಂಕಿ-ಅಂಶದ ಪಟ್ಟಿಗೆ ಹೋಗಿ.

ಹಂತ 1: ಮೂರೂ ಲೆಕ್ಕ ಇದೆಯೇ?
ಕಂಪನಿಗಳು ಈ ಅನಿಲಗಳ ಲೆಕ್ಕವನ್ನು ‘ಸ್ಕೋಪ್’ ಎಂಬ ಮೂರು ಭಾಗ ಮಾಡಿ ಕೊಡುತ್ತವೆ. ಒಲೆಯ ಗ್ಯಾಸ್, ಸ್ವಂತ ವಾಹನಗಳ ಇಂಧನ, ಫ್ರಿಡ್ಜ್‌ನಿಂದ ಸೋರುವ ಅನಿಲ ಸ್ಕೋಪ್ 1ಕ್ಕೆ ಬರುತ್ತವೆ. ಕೊಂಡ ಕರೆಂಟ್ ಸ್ಕೋಪ್ 2. ಮಾಂಸ, ಹಾಲು, ತರಕಾರಿ ಬೆಳೆಯುವುದರಿಂದ ಹಿಡಿದು ಕಸದವರೆಗೆ ಉಳಿದದ್ದೆಲ್ಲ ಸ್ಕೋಪ್ 3. ಅದರಲ್ಲಿ 15 ವಿಭಾಗಗಳಿವೆ. ರೆಸ್ಟೋರೆಂಟ್‌ಗಳ ಹೊಗೆಯ ದೊಡ್ಡ ಪಾಲು ಇರುವುದೇ ಇಲ್ಲಿ. ವರದಿಯಲ್ಲಿ ಸ್ಕೋಪ್ 3 ಇಲ್ಲವೆಂದರೆ ಅಸಲಿ ಲೆಕ್ಕವೇ ಇಲ್ಲ ಎಂದರ್ಥ. ಕಂಪನಿಯ ಹೆಸರಲ್ಲಿ ಬೇರೆಯವರು ನಡೆಸುವ ಫ್ರಾಂಚೈಸಿ ಮಳಿಗೆಗಳನ್ನು ಸೇರಿಸಿದ್ದಾರೆಯೇ, ಅದನ್ನೂ ನೋಡಿ.

ಹಂತ 2: ಮೆನು ಓದಿ
ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದರ ಪ್ರಕಾರ, 100 ಗ್ರಾಂ ಪ್ರೋಟೀನ್‌ಗೆ ಮಾಂಸಕ್ಕಾಗಿ ಸಾಕಿದ ದನದಿಂದ ಸರಾಸರಿ 50 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊಮ್ಮುತ್ತದೆ. ಕೋಳಿಯದ್ದು 6 ಕೆ.ಜಿ. ಆಸುಪಾಸು. ಬಟಾಣಿಯದ್ದು ಅರ್ಧ ಕೆ.ಜಿ.ಯೂ ಇಲ್ಲ. ದನದ ಹೊಟ್ಟೆಯಿಂದ ಬರುವ ಮೀಥೇನ್, ಮೇವಿಗಾಗಿ ಕಡಿದ ಕಾಡು, ಎರಡೂ ಇದಕ್ಕೆ ಕಾರಣ. ಸ್ಟೀಕ್, ಬರ್ಗರ್‌ಗಳನ್ನೇ ನೆಚ್ಚಿಕೊಂಡ ಚೈನ್ ಸ್ಟ್ರಾ ಬದಲಾಯಿಸಿದ್ದನ್ನೇ ಪುಟಗಟ್ಟಲೆ ಬರೆದುಕೊಂಡಿದ್ದರೆ ಅದರಿಂದ ಹವಾಮಾನಕ್ಕೆ ಏನು ಸಿಕ್ಕಂತಾಯಿತು? ಎಷ್ಟು ಟನ್ ಮಾಂಸ ಕೊಂಡಿತು, ಅದು ಏರಿತೇ ಇಳಿಯಿತೇ ಎಂಬುದನ್ನು ಹುಡುಕಿ.

ಹಂತ 3: ಒಟ್ಟು ಮೊತ್ತ ಹಿಡಿಯಿರಿ
‘ಪ್ರತಿ ಮಳಿಗೆಯಲ್ಲಿ ಶೇ 30 ಇಳಿಕೆ’ ಎಂದಿದ್ದರೆ ಕ್ಯಾಲ್ಕುಲೇಟರ್ ತೆಗೆಯಿರಿ. 100 ಮಳಿಗೆ, ತಲಾ 200 ಟನ್ ಅನಿಲ ಎಂದಿಟ್ಟುಕೊಳ್ಳಿ: ಒಟ್ಟು 20,000 ಟನ್. ತಲಾ 140 ಟನ್‌ಗೆ ಇಳಿಸಿ, ಮಳಿಗೆಗಳನ್ನು 160ಕ್ಕೆ ಏರಿಸಿದರೆ 22,400 ಟನ್ ಆಗುತ್ತದೆ. ಹೇಳಿದ್ದು ಸುಳ್ಳಲ್ಲ, ಆದರೆ ಗಾಳಿಗೆ ಸೇರಿದ್ದು ಜಾಸ್ತಿಯೇ ಅಲ್ವಾ?

ಹಂತ 4: ಯಾವ ವರ್ಷಕ್ಕೆ ಹೋಲಿಕೆ?
2019ರ ಎದುರು 2020 ಇಟ್ಟು ಇಳಿಕೆ ತೋರಿಸಿದರೆ ನಂಬಬೇಡಿ, ಕೊರೊನಾದಿಂದ ಊಟದ ಮನೆಗಳು ಬಾಗಿಲು ಹಾಕಿದ್ದ ವರ್ಷವದು. 2050 ದೂರದ ಮಾತು. 2030ರ ಆಸುಪಾಸಿನ ಗುರಿಯೂ ಇರಬೇಕು. ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸುವ ‘ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಇನಿಶಿಯೇಟಿವ್’ ಸಂಸ್ಥೆಯ ಪಟ್ಟಿಯಲ್ಲಿ ಕಂಪನಿಯ ಹೆಸರು ಹುಡುಕಿ. ಅಲ್ಲಿ ‘ಬದ್ಧ’ ಎಂದಷ್ಟೇ ಇದ್ದರೆ ಗುರಿ ಇಡುತ್ತೇವೆಂಬ ಮಾತು ಕೊಟ್ಟಿದ್ದಾರೆ ಅಷ್ಟೇ, ಗುರಿಗೆ ಒಪ್ಪಿಗೆ ಸಿಕ್ಕಿದೆ ಎಂದಲ್ಲ. ಈ ಸಂಸ್ಥೆಯ ನೆಟ್ ಝೀರೋ ನಿಯಮದಲ್ಲಿ ಸುಮಾರು ಶೇ 90ರಷ್ಟನ್ನು ನಿಜವಾಗಿಯೇ ಇಳಿಸಬೇಕು. ಗಿಡ ನೆಟ್ಟ ಲೆಕ್ಕ ತೋರಿಸಿ ಸುಮ್ನೆ ದಾಟುವಂತಿಲ್ಲ.

ಹಂತ 5: ಅಡುಗೆಮನೆಯ ಸಣ್ಣ ಸಾಲುಗಳು
ಹಳೆಯ ಫ್ರಿಡ್ಜ್‌ಗಳಲ್ಲಿ ತಂಪು ಮಾಡಲು ಬಳಸುವ ಆರ್-404ಎ ಅನಿಲ 1 ಕೆ.ಜಿ. ಸೋರಿದರೆ ಸುಮಾರು 3,900 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಸೋರಿಕೆ ತಡೆದ ವಿವರ, ಮಿಕ್ಕ ಊಟ ತೂಗಿದ ಲೆಕ್ಕ, ಗ್ಯಾಸ್ ಒಲೆ ಬದಲಿಸಿದ ಸಂಖ್ಯೆ ಕೊಟ್ಟಿದ್ದರೆ ಕೆಲಸ ನಡೆದಿದೆ ಎನ್ನಬಹುದು.

ಕೊನೆಗೆ, ಸಿಗದ ಅಂಕಿಗಳನ್ನು ಪಟ್ಟಿ ಮಾಡಿ ಕಂಪನಿಗೆ ಇಮೇಲ್ ಕಳಿಸಿ. ಮಾಂಸದ ಟನ್ ಲೆಕ್ಕವನ್ನು ಮೊದಲು ಕೇಳಿ.