ಎರಡು ಫೈಲ್, ಎರಡು ಎನ್ಯುಮರೇಟರ್: ಕೋಲಾರದ ಮಂಡಿ ಲೆಕ್ಕ ತಾಳೆ ಹಾಕಿದ್ದು ಹೀಗೆ

ಎರಡು ಫೈಲಿನ ಲೆಕ್ಕ ತಾಳೆ ಹಾಕುವ ಸಿ ಶಾರ್ಪ್ ಕೋಡಿನಲ್ಲಿ, ಸಾಲುಗಳನ್ನು ತಾನೇ ಒಂದೊಂದಾಗಿ ಕೊಡುವ ಫೋರೀಚ್ ಲೂಪ್ ಬಿಟ್ಟು, ಮುಂದಿನ ಸಾಲಿಗೆ ಹೋಗು ಅನ್ನುವ ಮೂವ್‌ನೆಕ್ಸ್ಟ್ ಅನ್ನು ಕೈಯಾರೆ ಕರೆಯುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ಯಾರೂ ಒಪ್ಪಲಿಲ್ಲ. "ಡೇಟಾಬೇಸ್‌ಗೆ ಸುರಿದು ಜಾಯಿನ್ ಹಾಕೋ ಮಾರಾಯ, ಈ ಕಾಲದಲ್ಲಿ ಇದೆಲ್ಲ ಯಾಕೆ" ಅಂದರು. ಈಗ ಎರಡು ಸೀಸನ್‌ನಿಂದ ಅದೇ ಕೋಡ್ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳ ಲೆಕ್ಕ ನೋಡುವ ಒಬ್ಬ ಆಡಿಟರ್ ಕೊಟ್ಟ ಕೆಲಸ ಇದು. ಗೇಟ್‌ನಲ್ಲಿ ಬಂದ ಬಾಕ್ಸ್ ಒಂದು ಫೈಲಿನಲ್ಲಿ, ಹರಾಜಿನಲ್ಲಿ ಹೋದ ಬಾಕ್ಸ್ ಇನ್ನೊಂದರಲ್ಲಿ. ಎರಡೂ ತಾಳೆಯಾಗಬೇಕು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತಲ್ಲ, ಆಗ ಹತ್ತು ಬಾಕ್ಸ್ ಕಾಣದಿದ್ದರೆ ಇಪ್ಪತ್ತು ಸಾವಿರ ಹೋದಂತೆ. ಹಳೇ ವರ್ಷದ ಲೆಕ್ಕವನ್ನೂ ತೆಗೆಯಿರಿ ಅಂತ ಎಲ್ಲ ಮಂಡಿಯವರೂ ಪಟ್ಟು ಹಿಡಿದರು. ಎಲ್ಲ ಸೇರಿ ಮೂವತ್ತು ಲಕ್ಷ ಸಾಲಿನ ಆಸುಪಾಸು.

ಮೊದಲು ಇದ್ದ ಸಾಫ್ಟ್‌ವೇರ್ ಎರಡೂ ಫೈಲನ್ನು ಪೂರ್ತಿ ಲಿಸ್ಟಿಗೆ ತುಂಬಿಸಿ, ಒಂದು ಫೋರೀಚ್ ಒಳಗೆ ಇನ್ನೊಂದು ಫೋರೀಚ್ ಓಡಿಸುತ್ತಿತ್ತು. ಒಂದೇ ಸೀಸನ್ನಿಗೆ ರಾತ್ರಿಯಿಡೀ ಬೇಕಾಗುತ್ತಿತ್ತು. ಎಲ್ಲ ವರ್ಷ ಕೊಟ್ಟರೆ ಔಟ್ ಆಫ್ ಮೆಮೊರಿ. ಹೊಸ ಮಿಷಿನ್‌ಗೆ ಎಪ್ಪತ್ತು ಸಾವಿರದ ಕೊಟೇಷನ್ ಆಗಲೇ ಬಂದಿತ್ತು. "ಸಾರ್, ದುಡ್ಡು ದಂಡ, ರ‍್ಯಾಮ್ ಹಾಕಿದ್ರೂ ಇದು ಓಡಲ್ಲ" ಅಂದೆ. ಪಟ್ಟಿ ಪ್ರಿಂಟರಿಗೆ ಬೇಕಾದ ಹಳೇ ಕೋಡ್ ಫೈಲಿನಿಂದಾಗಿ (ಡಿಎಲ್‌ಎಲ್) ಆ ಪ್ರೋಗ್ರಾಂ 32 ಬಿಟ್‌ನಲ್ಲೇ ಇತ್ತು. ವಿಂಡೋಸ್‌ನಲ್ಲಿ ಅಂಥ ಪ್ರೋಸೆಸ್‌ಗೆ ಮಾಮೂಲಾಗಿ ಸಿಗೋದು 2 ಜಿಬಿ ಮೆಮೊರಿ ವಿಳಾಸ ಅಷ್ಟೇ, ಮಿಷಿನ್‌ನಲ್ಲಿ ಎಷ್ಟೇ ರ‍್ಯಾಮ್ ಇರಲಿ. ಹುಡುಕಿದ್ದನ್ನು ನೇರ ತೆಗೆದುಕೊಡುವ ಡಿಕ್ಷನರಿಗೆ ಹಾಕಿ ನೋಡಿದೆ, ವೇಗ ಬಂತು, ಆದರೆ ಮೂರನೇ ವರ್ಷದ ಫೈಲಿಗೇ ಬಿತ್ತು. ಇನ್ನು ಡೇಟಾಬೇಸ್ ಆಗುತ್ತಿತ್ತು, ನಿಜ. ಅದನ್ನು ನೋಡಿಕೊಳ್ಳೋರು ಯಾರು? ಅಲ್ಲಿರೋದು ಒಬ್ಬ ಗುಮಾಸ್ತ.

ಅದೇ ಗುಮಾಸ್ತರು ಎರಡು ಲೆಡ್ಜರ್ ಪಕ್ಕಪಕ್ಕ ಇಟ್ಟು ಎರಡು ಬೆರಳು ಇಳಿಸಿಕೊಂಡು ಹೋಗುತ್ತಾರಲ್ಲ, ನನ್ನ ಕೋಡೂ ಹಾಗೇ. ಎರಡು ಕಡೆಗೂ ಒಂದೊಂದು ಎನ್ಯುಮರೇಟರ್, ಅಂದರೆ ಈಗ ಯಾವ ಸಾಲಿನಲ್ಲಿದ್ದೇವೆ ಅಂತ ತೋರಿಸುವ ಬೆರಳು. ದಿನಾಂಕ ಮತ್ತು ಲಾಟ್ ನಂಬರ್ ಸೇರಿ ಕೀ, ಅಂದರೆ ಹೋಲಿಸುವ ಗುರುತು. ಯಾವುದರ ಕೀ ಚಿಕ್ಕದೋ ಅದಕ್ಕೆ ಮಾತ್ರ ಮೂವ್‌ನೆಕ್ಸ್ಟ್. ಸಮ ಆದರೆ, ಹರಾಜಿನ ಕಡೆ ಕೀ ಬದಲಾಗುವ ತನಕ ಬಾಕ್ಸ್ ಕೂಡುತ್ತಾ ಹೋಗೋದು, ಯಾಕೆಂದರೆ ಒಬ್ಬ ರೈತನ ಲಾಟ್ ಮೂರು ನಾಲ್ಕು ಖರೀದಿದಾರರಿಗೆ ಒಡೆದು ಹೋಗಿರುತ್ತೆ. ಎರಡು ಕಡೆಯ ನಡಿಗೆ ಒಂದೇ ವೇಗದ್ದಲ್ಲ. ಫೋರೀಚ್‌ಗೆ ಇದು ಒಗ್ಗದೇ ಇರೋದು ಅದಕ್ಕೇ.

ಇದಕ್ಕೆ ಎರಡೂ ಕಡೆ ಸಾಲುಗಳು ಕೀ ಪ್ರಕಾರ ಏರಿಕೆಯಲ್ಲಿರಬೇಕು. ಗೇಟ್ ಫೈಲ್ ಲಾಟ್ ಪ್ರಕಾರವೇ ಇರುತ್ತೆ, ಹರಾಜಿನದು ಹಾಗಲ್ಲ. ಮೂವತ್ತು ಲಕ್ಷ ಸಾಲು ಸಾರ್ಟ್ ಮಾಡುವ ಗೋಜು ಬೇಡ. ದಿನಕ್ಕೊಂದು ಫೈಲ್ ಇದೆಯಲ್ಲ, ಆ ಒಂದು ದಿನದ್ದನ್ನು ಮಾತ್ರ ಲಿಸ್ಟಿಗೆ ತಂದು ಸಾರ್ಟ್ ಮಾಡಿ, ಕೇಳಿದಾಗ ಒಂದೊಂದೇ ಸಾಲು ಕೊಡುವ ಈಲ್ಡ್ ರಿಟರ್ನ್ ಮಾಡಿದರೆ ಆಯಿತು. ಲಾಟ್ ನಂಬರನ್ನು ಅಂಕಿಯಾಗಿಯೇ ಹೋಲಿಸಿ, ಅಕ್ಷರವಾಗಿ ಹೋಲಿಸಿದರೆ 9ಕ್ಕಿಂತ 10 ಮುಂದೆ ಬಂದು ಕೂರುತ್ತೆ. ಹಿಂದಿನದಕ್ಕಿಂತ ಚಿಕ್ಕ ಕೀ ಬಂದರೆ ಅಲ್ಲೇ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುವ ತಪಾಸಣೆಯನ್ನೂ ಈ ಈಲ್ಡ್ ಮೆಥಡ್ ಒಳಗೇ ಇಟ್ಟಿದ್ದೇನೆ. ಅದಿಲ್ಲದೆ ಈ ವಿಧಾನ ಮುಟ್ಟಲೇಬೇಡಿ, ಸುಳ್ಳು ಲೆಕ್ಕ ಸದ್ದಿಲ್ಲದೆ ಬರುತ್ತೆ.

ಒಂದು ಕಡೆ ಮುಗಿದ ತಕ್ಷಣ ಲೂಪ್ ನಿಲ್ಲಿಸುವವರೇ ಜಾಸ್ತಿ. ನಿಲ್ಲಿಸಬಾರದು. ಗೇಟ್ ಕಡೆ ಬಾಲದಲ್ಲಿ ಉಳಿದವೂ ಹರಾಜಿಗೆ ಬಾರದ ಲಾಟ್‌ಗಳೇ, ಮಾಲೀಕರು ಹುಡುಕುತ್ತಿದ್ದದ್ದೇ ಅವನ್ನು. ಮೂವ್‌ನೆಕ್ಸ್ಟ್ ಕೊಟ್ಟ ಉತ್ತರವನ್ನು (ಇನ್ನೂ ಸಾಲಿದೆಯೋ ಇಲ್ಲವೋ) ಎರಡು ಕಡೆಗೂ ಬೇರೆ ಬೇರೆ ಬೂಲ್‌ನಲ್ಲಿ, ಅಂದರೆ ಹೌದು-ಅಲ್ಲ ವೇರಿಯಬಲ್‌ನಲ್ಲಿ ಹಿಡಿದಿಡಿ. ಮುಗಿದ ಮೇಲೆ ಎನ್ಯುಮರೇಟರ್‌ನ ಕರೆಂಟ್ (ಈಗಿನ ಸಾಲು) ಮುಟ್ಟುವಂತಿಲ್ಲ. ಎರಡಕ್ಕೂ, ಕೆಲಸ ಮುಗಿದಾಗ ಫೈಲ್ ಮುಚ್ಚಿಸುವ ಯೂಸಿಂಗ್ ಹಾಕಲೇಬೇಕು. ಫೋರೀಚ್ ಆಗಿದ್ದರೆ ಮುಚ್ಚುವ ಡಿಸ್ಪೋಸ್ ಅನ್ನು ತಾನೇ ಕರೆಯುತ್ತಿತ್ತು, ಇಲ್ಲಿ ಮಧ್ಯದಲ್ಲಿ ಬಿಟ್ಟರೆ ಫೈಲ್ ತೆರೆದೇ ಉಳಿಯುತ್ತೆ.

ಕುತೂಹಲಕ್ಕೆ ಒಂದೆರಡು ಬೇರೆ ಪ್ರಯೋಗವನ್ನೂ ಮಾಡಿದೆ. ಲಿಸ್ಟಿನ ಎನ್ಯುಮರೇಟರ್ ಸ್ಟ್ರಕ್ಟ್, ಅಂದರೆ ಕೈ ಬದಲಿಸಿದಾಗಲೆಲ್ಲ ನಕಲಾಗುವ ಜಾತಿ. ಅದನ್ನು ಬದಲಾಯಿಸಲಾಗದ ರೀಡ್‌ಓನ್ಲಿ ಫೀಲ್ಡ್‌ನಲ್ಲಿ ಇಟ್ಟರೆ ಪ್ರತಿ ಮೂವ್‌ನೆಕ್ಸ್ಟ್ ಒಂದು ನಕಲಿನ ಮೇಲೆ ನಡೆದು, ಲೂಪ್ ಮೊದಲ ಸಾಲನ್ನೂ ದಾಟದೆ ಸುತ್ತುತ್ತಲೇ ಇರುತ್ತೆ. ಇನ್ನೊಂದು, ಈಲ್ಡ್ ಇರುವ ಮೆಥಡ್‌ಗೆ ಮೊದಲು ಸಾಲು ಎಣಿಸುವ ಕೌಂಟ್ ಕರೆದು ಆಮೇಲೆ ಓಡಿಸಿದರೆ ಫೈಲ್ ಎರಡು ಸಲ ಓದುತ್ತೆ. ಸಮಯ ನೇರ ದುಪ್ಪಟ್ಟು.

ಕೊನೆಗೆ ಎಲ್ಲ ವರ್ಷದ ಲೆಕ್ಕ ಎರಡು ನಿಮಿಷದೊಳಗೆ ಬಂತು, ಮೆಮೊರಿ ನೂರು ಎಂಬಿ ಮುಟ್ಟಲಿಲ್ಲ, ಅದೇ 4 ಜಿಬಿಯ ಹಳೇ ಮಿಷಿನ್‌ನಲ್ಲಿ. ನಾನು ತಗೊಂಡಿದ್ದು ಹದಿನೆಂಟು ಸಾವಿರ ಚಿಲ್ಲರೆ. ಬೇಡ ಅಂದಿದ್ದ ಗೆಳೆಯರಲ್ಲೇ ಒಬ್ಬ ಆಮೇಲೆ ಕೋಡ್ ಕೇಳಿ ಪಡೆದ. ಮಧ್ಯರಾತ್ರಿ ದಾಟಿ ನಡೆದ ಹರಾಜಿನಲ್ಲಿ ದಿನಾಂಕ ಬದಲಾದ ಲಾಟನ್ನು ಹಿಂದಿನ ದಿನದ ಗೇಟಿಗೆ ಹೇಗೆ ಜೋಡಿಸುತ್ತೇನೆ ಅನ್ನೋದನ್ನು ಮಾತ್ರ ಅವನಿಗೂ ಕೊಡಲಿಲ್ಲ, ಇಲ್ಲೂ ಬರೆಯಲ್ಲ. ಅದು ನನ್ನ ಅನ್ನದ ಪ್ರಶ್ನೆ.

ಈಗ ಶಿಡ್ಲಘಟ್ಟದ ರೇಷ್ಮೆಗೂಡಿನ ಲೆಕ್ಕಕ್ಕೆ ಇದನ್ನೇ ಒಗ್ಗಿಸುತ್ತಿದ್ದೇನೆ. ಅಲ್ಲಿ ತೂಕದ ಫೈಲೂ ಸೇರಿ ಮೂರು. ಮೂರರ ತನಕ ಇಫ್ ಸಾಕು. ಐದಾರು ಆದರೆ ಡಾಟ್ ನೆಟ್ 6ರಲ್ಲಿ (ಸಿ ಶಾರ್ಪ್ ಓಡುವ ವೇದಿಕೆ) ಬಂದ, ಚಿಕ್ಕದನ್ನು ಮೊದಲು ಕೊಡುವ ಪ್ರಯಾರಿಟಿಕ್ಯೂ ಒಳಗೆ ಎನ್ಯುಮರೇಟರ್‌ಗಳನ್ನೇ ಹಾಕಿ, ಚಿಕ್ಕ ಕೀ ಇರೋದನ್ನು ತೆಗೆದು, ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಒಳಗೆ ಹಾಕಿ.