ಬೆಲ್ಲ ತಿನ್ನದ ಬೂಷ್ಟು

ಮೊದಲ ಸಲ ಮೈಕೋರೈಜಾ ಎಂಬ, ಬೇರಿಗೆ ನೆರವಾಗುವ ಶಿಲೀಂಧ್ರ ತಂದಾಗ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. 200 ಲೀಟರಿನ ಡ್ರಮ್ಮು, ಎರಡು ಕೆಜಿ ಬೆಲ್ಲ, ಒಂದಿಷ್ಟು ಕಡ್ಲೆಹಿಟ್ಟು, ಅದರೊಳಗೆ ಅಂಗಡಿಯಿಂದ ತಂದ ಪಾಕೀಟು. ದಿನಾ ಬೆಳಿಗ್ಗೆ ಕೋಲು ಹಾಕಿ ತಿರುವಿದ್ದೇ ತಿರುವಿದ್ದು. ಬೇರಿನ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರವನ್ನು ಹಾಗೇ ಹೆಚ್ಚು ಮಾಡಿಕೊಳ್ಳುತ್ತಿದ್ದೆವು. ಇದೂ ಶಿಲೀಂಧ್ರ ತಾನೇ ಅಂದುಕೊಂಡೆ. ಎಂಟನೇ ದಿನ ಡ್ರಮ್ಮಿನ ತುಂಬ ನೊರೆ, ಹುಳಿ ವಾಸನೆ. ಭಲೇ ಬೆಳೆದಿದೆ ಅಂತ ಮೆಣಸಿನಕಾಯಿ ಸಸಿಗಳಿಗೆಲ್ಲ ಹುಯ್ದೆ. ಸಸಿಗಳು ಹೇಗಿದ್ದವೋ ಹಾಗೇ ಇದ್ದವು.

ನಮ್ಮದು ಶಿರಾ ಕಡೆ ಸಣ್ಣ ನರ್ಸರಿ. ಮೆಣಸಿನಕಾಯಿ, ಟೊಮೇಟೊ, ಬದನೆ ಸಸಿ ಮಾಡಿ ಕೊಡುತ್ತೇವೆ. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಕೆಲಸ ಮಾಡುವ ಗೆಳತಿಗೆ ಫೋನು ಮಾಡಿ ಪಾಕೀಟು ಮೋಸ ಅಂತ ಗೊಣಗಿದೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಪಾಕೀಟು ಹೆಂಗಿತ್ತೋ ಗೊತ್ತಿಲ್ಲ ಕಣೇ. ಆದ್ರೆ ಅದು ಬದುಕಿರೋ ಬೇರಲ್ಲಿ ಬಿಟ್ರೆ ಬೇರೆಲ್ಲೂ ಬೆಳೆಯಲ್ಲ. ನೀನು ಡ್ರಮ್ಮಲ್ಲಿ ಬೆಳೆಸಿದ್ದು ಬೇರೇನೋ."

ಯಾಕೆ ಬೆಳೆಯಲ್ಲ ಅನ್ನೋದು ನನಗೆ ಬಿಡಲಿಲ್ಲ. ಉತ್ತರ ಇದ್ದದ್ದು ಅದರ ಜೀನುಗಳಲ್ಲಿ. ರೈಜೋಫೇಗಸ್ ಇರ್ರೆಗ್ಯುಲಾರಿಸ್ ಎಂಬ ಮೈಕೋರೈಜಾ ಜಾತಿಯ ಜೀನೋಮ್, ಅಂದರೆ ಅದರ ಜೀನುಗಳ ಪೂರ್ತಿ ನಕ್ಷೆ, 2013ರಲ್ಲಿ ಪ್ರಕಟವಾಯಿತು. ಸತ್ತ ಎಲೆ, ಕಡ್ಡಿ ಕರಗಿಸಿ ತಿನ್ನಲು ಬೇಕಾದ ಕಿಣ್ವಗಳ ಜೀನುಗಳು ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇನ್ನೂ ವಿಚಿತ್ರ ಅಂದರೆ, ಕೊಬ್ಬು ತಯಾರಿಸುವ ಮುಖ್ಯ ಜೀನುಗಳೂ ಇಲ್ಲ. ಗಿಡವೇ ಕೊಬ್ಬು ಮಾಡಿ ಬೇರಿನೊಳಗೆ ಅದಕ್ಕೆ ಉಣಿಸುತ್ತದೆ ಅಂತ 2017ರಲ್ಲಿ ವಿಜ್ಞಾನಿಗಳು ತೋರಿಸಿದರು. ಗಿಡ, ಶಿಲೀಂಧ್ರ ಇವರಿಬ್ಬರ ಸಂಬಂಧ ಸುಮಾರು 40 ಕೋಟಿ ವರ್ಷ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಕಲ್ಲಾದ ಗಿಡಗಳ ಒಳಗೂ ಈ ಶಿಲೀಂಧ್ರದ ಗುರುತಿದೆ. ಅಷ್ಟು ಕಾಲ ಕೂತು ಉಂಡ ಮನೆ ಅಳಿಯನಿಗೆ ಒಲೆ ಹಚ್ಚೋದು ಮರೆತೇ ಹೋಗಿದೆ ಅಲ್ವಾ! ನಾನು ಅವನ ಮುಂದೆ ಬೆಲ್ಲ ಇಟ್ಟುಕೊಂಡು ಕೂತಿದ್ದೆ.

ಸುಮ್ನೆ ಉಣ್ಣುವ ಅಳಿಯನಲ್ಲ ಅನ್ನೋದನ್ನೂ ಹೇಳಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ (ಫಾಸ್ಫರಸ್) ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ, ನೀರಿನ ಜೊತೆ ಬೇರಿನ ತನಕ ಬರಲ್ಲ. ಬೇರಿನ ರೋಮಕ್ಕಿಂತಲೂ ಸಣ್ಣ ಎಳೆ ಬಿಟ್ಟು, ಬೇರು ಮುಟ್ಟದ ಜಾಗದಿಂದ ಅದನ್ನು ತಂದುಕೊಡುವುದು ಇವನ ಕೆಲಸ.

ಹಾಗಾಗಿ ಡ್ರಮ್ಮು ಬಿಟ್ಟು ರಾಗಿ ಹಿಡಿದೆ. ಏಪ್ರಿಲ್‌ನಲ್ಲಿ ಮಣ್ಣು, ಮರಳು ಸಮ ಸಮ ಬೆರೆಸಿ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ತಿಂಗಳು ಬಿಸಿಲಿಗೆ ಬಿಟ್ಟೆ. ರೋಗದ ಬೂಷ್ಟು, ಕಳೆಬೀಜ ಆದಷ್ಟು ಸಾಯಲಿ ಅಂತ. ಆಮೇಲೆ ಇಟ್ಟಿಗೆ ಜೋಡಿಸಿ, ಒಳಗೆ ಹಾಳೆ ಹಾಸಿ ಒಂದು ಮಡಿ ಮಾಡಿದೆ. ಹೆಪ್ಪು ಹಾಕಲು ಮಣ್ಣು ತಂದದ್ದು ಬದುವಿನಿಂದ. ನೇಗಿಲು ತಾಗದ, ಗೊಬ್ಬರದ ಚೀಲ ಕಾಣದ, ವರ್ಷವೆಲ್ಲ ಹುಲ್ಲು ಇರುವ ಜಾಗ. ಮೇಲಿನ ಒಂದು ಗೇಣು ಮಣ್ಣನ್ನು ಹುಲ್ಲಿನ ಬೇರಿನ ಸಮೇತ ಕಿತ್ತು ತಂದೆ. ಅದನ್ನು ಪದರವಾಗಿ ಹರಡಿ ಮೇಲೆ ರಾಗಿ, ಮುಸುಕಿನ ಜೋಳ, ಅಲಸಂದೆ ಬಿತ್ತಿದೆ. ರಂಜಕ ಇರುವ ಡಿಎಪಿ ಗೊಬ್ಬರವನ್ನು ಹತ್ತಿರಕ್ಕೂ ತರಲಿಲ್ಲ. ರಂಜಕ ಪುಕ್ಕಟೆ ಸಿಕ್ಕರೆ ಗಿಡ ಈ ಅಳಿಯನನ್ನು ಮನೆಯೊಳಗೇ ಬಿಟ್ಟುಕೊಳ್ಳಲ್ಲ. ಮೂರು ತಿಂಗಳಿಗೆ ನೀರು ನಿಲ್ಲಿಸಿದೆ. ಗಿಡ ಒಣಗುತ್ತಾ ಬಂದಾಗ ಶಿಲೀಂಧ್ರ ತನ್ನ ಬೀಜದಂಥ ಬೀಜಕ ಕಟ್ಟುತ್ತದೆ. ಹತ್ತು ದಿನ ಬಿಟ್ಟು ಮೇಲಿನದನ್ನು ದನಕ್ಕೆ ಹಾಕಿ, ಬೇರನ್ನು ಮಚ್ಚಿನಲ್ಲಿ ಕೊಚ್ಚಿ ಅದೇ ಮಣ್ಣಿಗೆ ಬೆರೆಸಿದೆ. ಅದೇ ನನ್ನ ಪಾಕೀಟು.

ಈ ಸಲ ಕಣ್ಣಾರೆ ನೋಡದೆ ನಂಬಬಾರದು ಅಂತ ತೀರ್ಮಾನ ಮಾಡಿದ್ದೆ. ಗೆಳತಿ ಜರಡಿ ಕಳಿಸಿಕೊಟ್ಟಳು. ಕಾಲೇಜು ಹುಡುಗರು ಬಳಸುವಂಥ ಸೂಕ್ಷ್ಮದರ್ಶಕ ಒಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡೆ. ಒಂದು ಹಿಡಿ ಮಣ್ಣನ್ನು ಬಕೆಟ್ಟಿನಲ್ಲಿ ಕದಡಿ, ಮರಳು ತಳ ಸೇರುವಷ್ಟು ಹೊತ್ತು ಬಿಟ್ಟು, ಮೇಲಿನ ನೀರನ್ನು ಜರಡಿಗೆ ಹುಯ್ಯಬೇಕು. ದೊಡ್ಡ ಕಣ್ಣಿನದು ಮೇಲೆ, ಸಣ್ಣದು ಕೆಳಗೆ. ಉಳಿದ ಕಸರನ್ನು ತಟ್ಟೆಗೆ ಹಾಕಿಕೊಂಡು ನೋಡಿದರೆ ಎರಡು ನಿಮಿಷ ಬರೀ ಕಸ. ಆಮೇಲೆ ಕಣ್ಣು ಪಳಗಿತು. ಸಾಸಿವೆಯನ್ನೇ ತೀರಾ ಚಿಕ್ಕದು ಮಾಡಿದಂಥ ಕಂದು ಗುಂಡುಗಳು, ಜೇನಿನ ಬಣ್ಣದವು, ಮಧ್ಯೆ ಎರಡೋ ಮೂರೋ ಬೆಳ್ಳಗೆ ಹೊಳೆಯುವ ದಪ್ಪ ಮುತ್ತು. ಆ ಮುತ್ತು ಗಿಗಾಸ್ಪೋರಾ ಗುಂಪಿನದು, ಬರಿಗಣ್ಣಿಗೂ ಚುಕ್ಕೆಯಂತೆ ಕಾಣುತ್ತದೆ. ಇಂಥ ಒಂದೊಂದು ಬೀಜಕದೊಳಗೆ ನೂರಾರು, ಕೆಲವದರಲ್ಲಿ ಸಾವಿರಾರು ನ್ಯೂಕ್ಲಿಯಸ್, ಅಂದರೆ ಜೀನುಗಳನ್ನು ಹೊತ್ತ ಕೇಂದ್ರ, ಇರುತ್ತವಂತೆ. ಒಂದು ಜೀವವೋ, ಒಂದು ಊರೋ!

ಬೇರಿನೊಳಗೆ ಸೇರಿದೆಯಾ ಅಂತ ನೋಡಲು ಬಣ್ಣ ಕಟ್ಟಬೇಕು. ಲ್ಯಾಬಿನಲ್ಲಿ ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕುತ್ತಾರೆ. ನಾನು ವಿನೆಗರ್ ಮತ್ತು ಪೆನ್ನಿನ ಕಪ್ಪು ಇಂಕಿನಲ್ಲೇ ಮುಗಿಸುತ್ತೇನೆ. ಇದು 1998ರಲ್ಲೇ ಪ್ರಕಟವಾದ ವಿಧಾನ. ಮೊದಲು ಬೇರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಬಿಸಿ ಮಾಡಿ ಬಿಳುಪು ಮಾಡಬೇಕು. ಕೈಗೆ ಗ್ಲೌಸ್ ಬೇಕೇ ಬೇಕು, ಚರ್ಮ ಸುಡುತ್ತದೆ. ಚೆನ್ನಾಗಿ ತೊಳೆದು, 5% ಇಂಕು ಬೆರೆಸಿದ ವಿನೆಗರ್‌ನಲ್ಲಿ ಮೂರು ನಿಮಿಷ ಕುದಿಸಿದರೆ ಆಯಿತು. ಬೇರು ಗಾಜಿನಂತೆ ತಿಳಿಯಾಗಿ, ಒಳಗೆ ಎಳೆಗಳು ಗಾಢವಾಗಿ ಎದ್ದು ಕಾಣುತ್ತವೆ. ಕೆಲವು ಕೋಶಗಳಲ್ಲಿ ಪುಟ್ಟ ಮರದಂತೆ ಕವಲೊಡೆದಿರುತ್ತದೆ. ಕೊಡುಕೊಳ್ಳುವಿಕೆ ನಡೆಯೋದು ಅಲ್ಲೇ. ಡ್ರಮ್ಮಿನ ನೀರು ಕುಡಿದಿದ್ದ ಸಸಿಗಳ ಬೇರಿನಲ್ಲಿ ಹುಡುಕಿ ಹುಡುಕಿ ಏನೂ ಸಿಕ್ಕಿರಲಿಲ್ಲ. ರಾಗಿ ಮಡಿಯ ಮಣ್ಣು ಹಾಕಿದ ಸಸಿಗಳಲ್ಲಿ ನೋಡಿದ 20 ತುಂಡುಗಳ ಪೈಕಿ 13ರಲ್ಲಿ ಇತ್ತು.

ಇಷ್ಟಾದ ಮೇಲೂ ಒಂದು ತಪ್ಪು ಮಾಡಿದೆ. ಒಂದೇ ಮಡಿಯ ಹೆಪ್ಪನ್ನು ಮತ್ತೆ ಮತ್ತೆ ಬಳಸಿದೆ. ಮೂರನೇ ಸುತ್ತಿಗೆ ಜರಡಿಯಲ್ಲಿ ಬರೀ ಸಣ್ಣ ಕಂದು ಬೀಜಕ. ಮುತ್ತು ಮಾಯ. ಬೇಗ ಬೀಜಕ ಕಟ್ಟುವ ಜಾತಿಗಳು ಮಡಿಯಲ್ಲಿ ಗೆಲ್ಲುತ್ತವೆ, ನಿಧಾನದವು ಹಿಂದೆ ಬೀಳುತ್ತವೆ. ಜಗತ್ತಿನಲ್ಲಿ ಇಂಥ 300ಕ್ಕೂ ಹೆಚ್ಚು ಜಾತಿ ಗುರುತಿಸಿದ್ದಾರೆ. ನನ್ನ ಮಡಿಯಲ್ಲಿ ಉಳಿದದ್ದು ಬಹುಶಃ ಒಂದೋ ಎರಡೋ. ಅದರಿಂದ ಸಸಿಗೆ ನಷ್ಟವಾಯಿತು ಅಂತ ಹೇಳಲಾರೆ. ಆದರೆ ಒಂದೇ ಜಾತಿಯನ್ನು ನಂಬಿ ಕೂರೋದು ನನಗೆ ಹಿಡಿಸಲ್ಲ. ಹಾಗಾಗಿ ಈಗ ಪ್ರತಿ ವರ್ಷ ಹೊಸ ಬದುವಿನ ಮಣ್ಣು ಸೇರಿಸುತ್ತೇನೆ.

ಫಲಿತಾಂಶ ಎಲ್ಲ ಕಡೆ ಒಂದೇ ಥರ ಇಲ್ಲ. ಡಿಎಪಿ ಜಾಸ್ತಿ ಸುರಿಯುವವರ ಹೊಲದಲ್ಲಿ ನನ್ನ ಸಸಿಗೂ ಬೇರೆ ಸಸಿಗೂ ವ್ಯತ್ಯಾಸ ಕಾಣಲಿಲ್ಲ. ನೀರು ಕಡಿಮೆ ಇರುವ ಕೆಂಪು ಹೊಲಗಳಲ್ಲಿ ನಾಟಿ ಮಾಡಿದ ಮೇಲೆ ಸಸಿ ಬೇಗ ಚೇತರಿಸಿಕೊಂಡಿತು ಅಂತ ಇಬ್ಬರು ಮೂವರು ಹೇಳಿದ್ದಾರೆ. ಎಲೆಕೋಸಿಗೂ ಕೊಡಿ ಅಕ್ಕಾ ಅಂತ ಕೇಳುವವರಿದ್ದಾರೆ. ಕೋಸು, ಸಾಸಿವೆ, ಮೂಲಂಗಿ ಈ ಶಿಲೀಂಧ್ರವನ್ನು ಸೇರಿಸಲ್ಲ, ದುಡ್ಡು ದಂಡ ಅಂತ ವಾಪಸ್ ಕಳಿಸುತ್ತೇನೆ.

ಈ ಸಲ ಹೆಪ್ಪಿನ ಮಣ್ಣು ತಂದದ್ದು ಅಪ್ಪ ನೆಟ್ಟ ಹೊಂಗೆಮರದ ಬುಡದ ಬದುವಿನಿಂದ. ಮೊನ್ನೆ ನೀರು ನಿಲ್ಲಿಸಿ ಒಂದು ಹಿಡಿ ಜರಡಿ ಹಿಡಿದೆ. ತಟ್ಟೆಯ ಅಂಚಿನಲ್ಲಿ ಎರಡು ಮುತ್ತು ಕೂತಿದ್ದವು.