ಲಿಂಬೆ ಸಸಿಯ ಚಿಗುರಿಗೆ ಶಿಲೀಂಧ್ರದ ಕಾವಲು

ವಿಜಯಪುರ ಜಿಲ್ಲೆಯ ಇಂಡಿ ಭಾಗದಲ್ಲಿ ಹೊಸದಾಗಿ ಲಿಂಬೆ ನಾಟಿ ಮಾಡಿದವರನ್ನು ಮೊದಲ ಎರಡು–ಮೂರು ವರ್ಷ ಹೆಚ್ಚು ಕಾಡುವುದು ಚಿಗುರಿನ ಕೀಟಗಳು. ಫಲ ಬಿಡುವ ಮರಕ್ಕಿಂತ ಎಳೆಯ ಗಿಡ ಹೆಚ್ಚು ಸಲ ಚಿಗುರುವುದರಿಂದ ಸಿಲ್ಲಾ, ಸಸ್ಯಹೇನು, ಬಿಳಿನೊಣ ಮತ್ತು ಹಿಟ್ಟುತಿಗಣೆಗಳಿಗೆ ವರ್ಷದ ಬಹುಕಾಲ ಮೇವು ಸಿಗುತ್ತದೆ. ಇವುಗಳಲ್ಲಿ ಸಿಲ್ಲಾ ರಸ ಹೀರುವುದರ ಜೊತೆಗೆ, ಎಲೆ ಹಳದಿಗಟ್ಟಿ ಗಿಡ ಸೊರಗುವ, ಮದ್ದೇ ಇಲ್ಲದ ಗ್ರೀನಿಂಗ್ ರೋಗವನ್ನೂ ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಕೀಟಗಳಿಗೆ ರೋಗ ತರುವ ಶಿಲೀಂಧ್ರಗಳಿಂದ ಇವನ್ನು ಹತೋಟಿಯಲ್ಲಿಡಬಹುದು. ಆದರೆ ಅಂಗಡಿಯಲ್ಲಿ ಸಿಗುವ ಶಿಲೀಂಧ್ರದ ಪೊಟ್ಟಣದಲ್ಲಿರುವುದು ಜೀವಂತ ಬೀಜಕಣ ಎಂಬುದನ್ನು ಮರೆತರೆ ಖರ್ಚೆಲ್ಲ ವ್ಯರ್ಥ.

ಈ ಬೀಜಕಣ ಕೀಟದ ಹೊಟ್ಟೆ ಸೇರಬೇಕಿಲ್ಲ. ಮೈಗೆ ಅಂಟಿದ ಕಡೆಯೇ ಮೊಳೆತು, ಚರ್ಮವನ್ನು ಕರಗಿಸಿ ಒಳನುಗ್ಗಿ, ಸುಮಾರು ನಾಲ್ಕರಿಂದ ಹತ್ತು ದಿನಗಳಲ್ಲಿ ಕೀಟವನ್ನು ಕೊಲ್ಲುತ್ತದೆ. ಮೊಳೆಯಲು ತೇವ ಬೇಕು, ಬಿಸಿಲು ಬೀಳಬಾರದು. ಆದ್ದರಿಂದ ಇಂಡಿಯಂಥ ಒಣ ಸೀಮೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ಚಿಗುರಿಗೆ ಇದು ಒಪ್ಪುತ್ತದೆಯೇ ಹೊರತು, ಏಪ್ರಿಲ್‌ನ ಸುಡುಬಿಸಿಲಿನಲ್ಲಿ ಸಿಂಪಡಿಸುವುದು ದಂಡ.

ಸಿಲ್ಲಾ, ಸಸ್ಯಹೇನುಗಳಿಗೆ ಬೆವೇರಿಯಾ ಬ್ಯಾಸಿಯಾನ ಅಥವಾ ಐಸೇರಿಯಾ ಫ್ಯೂಮೊಸೊರೊಸಿಯಾ, ಬಿಳಿನೊಣ ಮತ್ತು ಹಿಟ್ಟುತಿಗಣೆಗಳಿಗೆ ಲೆಕ್ಯಾನಿಸಿಲಿಯಂ ಲೆಕಾನಿ ಎಂಬ ಶಿಲೀಂಧ್ರ ಸೂಕ್ತ. ಎಲೆಯ ಪದರದೊಳಗೆ ಅಡಗಿರುವ ರಂಗೋಲಿ ಹುಳುವಿಗೆ ಬೀಜಕಣ ತಲುಪುವುದು ಕಷ್ಟ. ಅದಕ್ಕೆ ಬೇವಿನ ಕೀಟನಾಶಕವೇ ಮೇಲು. ಕೊಳ್ಳುವಾಗ ತಯಾರಿಕೆಯ ದಿನಾಂಕ, ಅವಧಿ ಮತ್ತು ಜೀವಕಣಗಳ (ಜೀವಂತ ಬೀಜಕಣಗಳ) ಸಂಖ್ಯೆಯನ್ನು ನೋಡಬೇಕು. ಅಂಗಡಿಯ ಮುಂದೆ ಬಿಸಿಲಿಗೆ ಒಡ್ಡಿಟ್ಟ ಪೊಟ್ಟಣವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬಾರದು.

ಸಾಮಾನ್ಯವಾಗಿ ಗ್ರಾಂಗೆ 10 ಕೋಟಿ ಜೀವಕಣಗಳಿರುವ ಪುಡಿಯನ್ನು ಲೀಟರ್ ನೀರಿಗೆ 5 ಗ್ರಾಂನಂತೆ ಬಳಸುತ್ತಾರೆ. ಪೊಟ್ಟಣದ ಮೇಲೆ ಬೇರೆ ಪ್ರಮಾಣವಿದ್ದರೆ ಅದನ್ನೇ ಪಾಲಿಸಬೇಕು. ಮೊದಲು ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ತೆಳುಬಟ್ಟೆಯಲ್ಲಿ ಸೋಸಿ, ಉಳಿದ ನೀರಿಗೆ ಬೆರೆಸಿ ಅಂಟು ದ್ರಾವಣ ಸೇರಿಸಬೇಕು. ಹಿಂದಿನ ದಿನ ತಾಮ್ರವಿರುವ ಬೋರ್ಡೊ ದ್ರಾವಣ ಸಿಂಪಡಿಸಿದ ಪಂಪನ್ನು ತೊಳೆಯದೆ ಬಳಸಿದರೆ ಟ್ಯಾಂಕಿನಲ್ಲಿಯೇ ಶಿಲೀಂಧ್ರ ಸಾಯುತ್ತದೆ. ಕಜ್ಜಿ ರೋಗಕ್ಕೆಂದು ತಾಮ್ರದ ಔಷಧಿ ಹೊಡೆಯುವುದು ಲಿಂಬೆ ತೋಟಗಳಲ್ಲಿ ವಾಡಿಕೆಯಾದ್ದರಿಂದ, ಎರಡರ ನಡುವೆ ಕನಿಷ್ಠ ವಾರದಿಂದ ಹತ್ತು ದಿನಗಳ ಅಂತರ ಇರಲೇಬೇಕು.

ಚಿಗುರು ಕಡ್ಡಿಯಷ್ಟು ಉದ್ದವಾಗುವವರೆಗೆ ಕಾಯದೆ, ಎಲೆ ಬಿಚ್ಚುವ ಮೊದಲೇ ಸಿಂಪರಣೆ ಶುರುವಾಗಬೇಕು, ಏಕೆಂದರೆ ಸಿಲ್ಲಾ ಮೊಟ್ಟೆಯಿಡುವುದು ಆ ಎಳೆ ಕುಡಿಯಲ್ಲಿಯೇ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗವಸು ತೊಟ್ಟು, ಸಂಜೆ ಬಿಸಿಲಿಳಿದ ಮೇಲೆ ಎಲೆಯ ಕೆಳಭಾಗವೂ ಚೆನ್ನಾಗಿ ನೆನೆಯುವಂತೆ ಸಿಂಪಡಿಸಬೇಕು. ಗಿಡ ಚಿಕ್ಕದಿರುವಾಗ ಇದು ಸುಲಭ, ದೊಡ್ಡ ಮರದಲ್ಲಿ ಅಷ್ಟು ಸುಲಭವಲ್ಲ. ಕಲಸಿದ ದ್ರಾವಣವನ್ನು ಮರುದಿನಕ್ಕೆ ಉಳಿಸಬಾರದು. ಮೊಟ್ಟೆಗಳು ಉಳಿದುಕೊಳ್ಳುವುದರಿಂದ ಚಿಗುರು ಬಲಿಯುವವರೆಗೆ ವಾರ–ಹತ್ತು ದಿನಕ್ಕೊಮ್ಮೆ ಮತ್ತೆ ಸಿಂಪಡಿಸಬೇಕಾಗುತ್ತದೆ.

ಹಿಪ್ಪುನೇರಳೆ ಬೆಳೆಯುವವರು ಒಂದು ವಿಷಯ ತಿಳಿದಿರಬೇಕು. ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗ ತರುವುದು ಇದೇ ಬೆವೇರಿಯಾ. 1835ರಲ್ಲಿ ಇಟಲಿಯ ಅಗೋಸ್ಟಿನೊ ಬಾಸ್ಸಿ ಅದನ್ನು ತೋರಿಸಿಕೊಟ್ಟರು, ಶಿಲೀಂಧ್ರದ ಹೆಸರಿನಲ್ಲಿರುವ ‘ಬ್ಯಾಸಿಯಾನ’ ಬಂದಿರುವುದೂ ಅವರ ಹೆಸರಿನಿಂದಲೇ. ಹಿಪ್ಪುನೇರಳೆ ತೋಟ, ಹುಳುಮನೆಗಳ ಹತ್ತಿರ ಇದನ್ನು ಬಳಸಲೇಬಾರದು. ಸುತ್ತಮುತ್ತ ಗ್ರೀನಿಂಗ್ ತಗುಲಿದ ಮರಗಳಿದ್ದರೆ ಶಿಲೀಂಧ್ರವೊಂದನ್ನೇ ನೆಚ್ಚುವುದೂ ಸರಿಯಲ್ಲ, ಏಕೆಂದರೆ ಸಾಯುವ ಮೊದಲಿನ ದಿನಗಳಲ್ಲಿ ಸಿಲ್ಲಾ ರೋಗ ಹರಡಬಲ್ಲದು. ಅಂಥಲ್ಲಿ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯಬೇಕು.

ಮದ್ದು ಕೆಲಸ ಮಾಡಿತೇ ಎಂದು ತಿಳಿಯಲು, ವಾರದ ಬಳಿಕ ಸತ್ತ ಕೀಟಗಳನ್ನು ಒದ್ದೆ ಹತ್ತಿಯೊಡನೆ ಮುಚ್ಚಳದ ಡಬ್ಬಿಯಲ್ಲಿಟ್ಟು ಎರಡು–ಮೂರು ದಿನ ನೆರಳಿನಲ್ಲಿ ಬಿಡಬೇಕು. ಮೈಮೇಲೆ ಬಿಳಿ ಬೂಸು ಬೆಳೆದರೆ ಶಿಲೀಂಧ್ರ ತಗುಲಿದೆ ಎನ್ನಬಹುದು. ಏನೂ ಬೆಳೆಯದಿದ್ದರೆ ಮುಂದಿನ ಸಿಂಪರಣೆಗೆ ಮೊದಲು ಪೊಟ್ಟಣದ ದಿನಾಂಕ, ಪಂಪು ಮತ್ತು ಸಿಂಪಡಿಸಿದ ಹೊತ್ತು, ಈ ಮೂರನ್ನೂ ಪರೀಕ್ಷಿಸಬೇಕು.